ನೆಕ್ರೊಮ್ಯಾನ್ಸರ್‌ಗೆ ಕನ್ನಡ ಹುಡುಕಿದ್ದು

ಶಿರಸಿಯ ಮನೆಯಲ್ಲೇ ಕೂತು ಅನುವಾದ ಮಾಡುತ್ತೇನೆ. ಹೋದ ಮಳೆಗಾಲದಲ್ಲಿ ಇಂಗ್ಲಿಷಿನ ಮಕ್ಕಳ ಕಥೆಯೊಂದು ಕೈಗೆ ಬಂತು. ಅದರಲ್ಲೊಬ್ಬ ನೆಕ್ರೊಮ್ಯಾನ್ಸರ್. ಸುಮ್ನೆ 'ಮಾಟಗಾರ' ಎಂದು ಬರೆದು ಮುಂದೆ ಹೋದೆ.

ಕರಡನ್ನು ಆಯಿಗೆ ಓದಿ ಹೇಳುವುದು ರೂಢಿ. ಅವಳು ಅಲ್ಲೇ ತಡೆದಳು. "ತಮಾ, ಇವ ಯಾರಿಗೆ ಮಾಟ ಮಾಡಿದ? ಸತ್ತ ತಂಗಿ ಹತ್ರ ಏನೋ ಕೇಳ್ತಾ ಇದ್ದಾನೆ, ಅಷ್ಟೇ ಅಲ್ವಾ?"

ನಿಜ. ಮಾಟ ಬದುಕಿರುವವರ ಮೇಲೆ ನಡೆಯುವ ಕೆಡುಕು. ಇಂಗ್ಲಿಷ್ ಪದದ ಬೇರು ಗ್ರೀಕಿನದು: 'ನೆಕ್ರೋಸ್' ಅಂದರೆ ಸತ್ತವನು, 'ಮಾಂಟೇಯಾ' ಅಂದರೆ ಕಣಿ. ಸತ್ತವರನ್ನು ಕರೆದು ಮುಂದಾಗುವುದನ್ನು ಕೇಳಿ ತಿಳಿಯುವುದೇ ಮೂಲ ಅರ್ಥ. ಹೋಮರನ ಗ್ರೀಕ್ ಮಹಾಕಾವ್ಯ ಒಡಿಸ್ಸಿಯ 11ನೇ ಭಾಗದಲ್ಲಿ ನಾಯಕ ಒಡಿಸ್ಯೂಸ್ ಕುಳಿ ತೋಡಿ, ಹಾಲು ಜೇನು, ದ್ರಾಕ್ಷಾರಸ, ನೀರು ಎರೆದು, ಕುರಿಯ ರಕ್ತ ಹರಿಸುತ್ತಾನೆ. ಸತ್ತ ಕಣಿಗಾರ ಟೈರೀಸಿಯಸ್ ಆ ರಕ್ತ ಕುಡಿದು ಅವನಿಗೆ ಮುಂದಿನ ದಾರಿ ಹೇಳುತ್ತಾನೆ. ಬೈಬಲ್ಲಿನಲ್ಲೂ ಅರಸ ಸೌಲ ಏಂದೋರ್ ಊರಿನ ಹೆಂಗಸಿನ ಮೂಲಕ ಸತ್ತ ಪ್ರವಾದಿ ಸಮುವೇಲನನ್ನು ಕರೆಸಿ ಮಾತಾಡುತ್ತಾನೆ. ಮುಂದೆ ಯುರೋಪಿನಲ್ಲಿ 'ನೆಕ್ರೊ' ಜಾಗಕ್ಕೆ ಲ್ಯಾಟಿನ್ನಿನ 'ನಿಗ್ರೊ', ಅಂದರೆ ಕಪ್ಪು, ಸೇರಿಕೊಂಡು ಪದವೇ 'ಕರಿ ವಿದ್ಯೆ' ಆಯಿತು. ನಾನು ಮಾಡಿದ್ದೂ ಅದೇ ತಪ್ಪು.

'ಮಂತ್ರವಾದಿ' ತೀರಾ ಅಗಲವಾಯಿತು. ಹಾವಿನ ವಿಷ ಇಳಿಸುವವನೂ ಅದೇ, ದೆವ್ವ ಬಿಡಿಸುವವನೂ ಅದೇ. 'ಪ್ರೇತವಾದಿ' ಎಂದರೆ ಸಮಾಜವಾದಿಯ ಹಾಗೆ ಕೇಳುತ್ತದೆ. ಕೊನೆಗೆ ನಿಂತದ್ದು 'ಪ್ರೇತಮಾಂತ್ರಿಕ'.

'ಪ್ರೇತ' ಎಂದರೆ ಮಕ್ಕಳು ಹೆದರಿಯಾರು ಎಂಬ ಅಳುಕು ನನಗೆ ಇತ್ತು. ಆಯಿ ಅಜ್ಜನ ಅಪರಕ್ರಿಯೆ ನೆನಪಿಸಿದಳು. 12ನೇ ದಿನದ ಸಪಿಂಡಿ ಮುಗಿದು ಪಿತೃಗಳ ಜೊತೆ ಸೇರುವವರೆಗೆ ಮಂತ್ರದಲ್ಲಿ ಅಜ್ಜನೂ ಪ್ರೇತನೇ. 'ಪ್ರ' ಮತ್ತು 'ಇತ' ಸೇರಿದ ಪದ ಅದು, ಹೊರಟುಹೋದವನು ಎಂದಷ್ಟೇ ಅರ್ಥ. ಅಜ್ಜನಿಗೆ ಸಂದ ಪದಕ್ಕೆ ನಾನೇಕೆ ಹೆದರಲಿ?

ಆದರೂ ಕಥೆಯಲ್ಲಿ ಪ್ರೇತಮಾಂತ್ರಿಕ ಮೊದಲ ಸಲ ಬರುವಲ್ಲಿ 'ಸತ್ತವರನ್ನು ಮಾತಾಡಿಸುವವನು' ಎಂದೇ ಬಿಡಿಸಿ ಬರೆದೆ. ಪದ ಆಮೇಲೆ ಬರುತ್ತದೆ. ಎಲುಬುಗೂಡುಗಳನ್ನು ಎಬ್ಬಿಸಿ ಯುದ್ಧಕ್ಕೆ ಕಳಿಸುವ ಇನ್ನೊಬ್ಬನೂ ಕಥೆಯಲ್ಲಿದ್ದಾನೆ. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಹೆಸರು. ನಾನು ಅವನನ್ನು 'ಹೆಣ ಎಬ್ಬಿಸುವವ' ಎಂದು ಬೇರೆ ಮಾಡಿದೆ. ಕೇಳುವುದೂ ದುಡಿಸಿಕೊಳ್ಳುವುದೂ ಒಂದೇ ಅಲ್ಲ.

'ಮಾಟಗಾರ' ಒಂದೇ ಕಡೆ ಉಳಿದಿದೆ. ಊರವರು ಕಲ್ಲು ಹಿಡಿದು ಪ್ರೇತಮಾಂತ್ರಿಕನ ಮನೆ ಮುಂದೆ ಕೂಗುವಾಗ. ಹೆದರಿದವರ ಬಾಯಲ್ಲಿ ಆ ಪದವೇ ಬರುತ್ತದೆ.