‘ಕ್ವಾರ್ಟರ್ಸ್’ ಪದವನ್ನು ಸರಿಯಾಗಿ ಬಳಸುವ ಬಗೆ

ಮಂಡ್ಯದ ಸಕ್ಕರೆ ಕಾರ್ಖಾನೆಯ ಆಸುಪಾಸಿನಲ್ಲಿ ಬೆಳೆದವರಿಗೂ ಮೈಸೂರಿನ ರೈಲ್ವೆ ನೌಕರರ ಮಕ್ಕಳಿಗೂ ‘ಕ್ವಾರ್ಟರ್ಸ್’ ಮನೆಮಾತೇ ಆಗಿದ್ದರೂ, ಅದನ್ನು ಇಂಗ್ಲಿಷ್ ಅರ್ಜಿಯಲ್ಲಿ ಬರೆಯಬೇಕಾಗಿ ಬಂದಾಗ ಅನೇಕರು ತಡವರಿಸುತ್ತಾರೆ.

ಬಾಡಿಗೆ ಮನೆಯನ್ನು ನಾವೇ ಹುಡುಕಿಕೊಳ್ಳುತ್ತೇವೆ. ಕ್ವಾರ್ಟರ್ಸ್ ಹಾಗಲ್ಲ, ಅದು ಹುದ್ದೆಯ ಕಾರಣಕ್ಕೆ ಇಲಾಖೆಯೋ ಸಂಸ್ಥೆಯೋ ಹಂಚಿಕೊಡುವ ಮನೆಯಾದ್ದರಿಂದ, ಸಾಮಾನ್ಯವಾಗಿ ಅಲ್ಲಿರುವ ನೌಕರರಿಗೆ ಮನೆ ಬಾಡಿಗೆ ಭತ್ಯೆ ಸಿಗುವುದಿಲ್ಲ, ನಿವೃತ್ತರಾದ ಮೇಲೆ ಮನೆಯನ್ನು ತೆರವು ಮಾಡಬೇಕಾಗುತ್ತದೆ. ಈ ಸಂಬಂಧವನ್ನು ಇಂಗ್ಲಿಷಿನಲ್ಲಿ ತಿಳಿಸುವ ಕ್ರಿಯಾಪದಗಳು ‘ಅಲಾಟ್’ ಮತ್ತು ‘ವೇಕೇಟ್’. ಅರ್ಜಿ ಬರೆಯುವವರು ಈ ಎರಡನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಹೆಚ್ಚು ತಪ್ಪಾಗುವುದು ವಚನದಲ್ಲಿ. ‘ಕ್ವಾರ್ಟರ್’ ಎಂದರೆ ಮೂಲತಃ ಕಾಲು ಭಾಗ. ಅದು ಊರಿನ ಒಂದು ಭಾಗ, ಕೇರಿ ಎಂಬ ಅರ್ಥವನ್ನೂ ಪಡೆಯಿತು. ವಸತಿ ಎಂಬ ಅರ್ಥದಲ್ಲಿ ಮಾತ್ರ ಶಿಷ್ಟ ಇಂಗ್ಲಿಷಿನಲ್ಲಿ ಅದು ಬಹುವಚನವಾಗಿಯೇ ನಿಲ್ಲುತ್ತದೆ. ಆದ್ದರಿಂದ ಮನೆ ಒಂದೇ ಆಗಿದ್ದರೂ ‘ಮೈ ಕ್ವಾರ್ಟರ್ಸ್ ಆರ್ ಸ್ಮಾಲ್’ ಎನ್ನಬೇಕು. ‘ಎ ಕ್ವಾರ್ಟರ್ಸ್’ ಎಂದು ಬರೆಯಬಾರದು. ನಮ್ಮ ದೇಶದ ಕಚೇರಿ ಕಾಗದಗಳಲ್ಲಿ ಒಂದು ಮನೆಗೆ ‘ಕ್ವಾರ್ಟರ್’ ಎನ್ನುವ ರೂಢಿಯೂ ಇದೆ. ನಿಮ್ಮ ಕಚೇರಿಯ ನಮೂನೆಯಲ್ಲಿ ಹಾಗಿದ್ದರೆ ಅದನ್ನೇ ಅನುಸರಿಸುವುದು ಒಳ್ಳೆಯದು.

ಕನ್ನಡದಲ್ಲಿ ಬರೆಯುವಾಗ ಈ ಕಟ್ಟುಪಾಡು ಬೇಕಿಲ್ಲ. ‘ನಮ್ಮ ಕ್ವಾರ್ಟರ್ಸ್ ಚಿಕ್ಕದು’, ‘ಪೊಲೀಸ್ ಕ್ವಾರ್ಟರ್ಸಿನಲ್ಲಿದ್ದೇವೆ’ ಎಂಬ ಮಾತುಗಳನ್ನು ತಪ್ಪೆಂದು ತಿದ್ದುವುದು ಸಲ್ಲದು. ಪದ ನಮ್ಮದಾದ ಮೇಲೆ ನಮ್ಮ ವ್ಯಾಕರಣಕ್ಕೇ ಒಳಪಡುತ್ತದೆ. ಕನ್ನಡ ಅರ್ಜಿಯಲ್ಲಿ ‘ವಸತಿಗೃಹ’ ಎಂದು ಬರೆಯಬಹುದು, ಆದರೆ ಪ್ರವಾಸಿಗರು ತಂಗುವ ಲಾಡ್ಜನ್ನೂ ಹಾಗೆಯೇ ಕರೆಯುವುದರಿಂದ ‘ನೌಕರರ ವಸತಿಗೃಹ’ ಎಂದು ಬಿಡಿಸಿ ಹೇಳಿದರೆ ಗೊಂದಲವಿರದು.

ಕ್ರಿಯಾಪದವಾದಾಗ ಈ ಪದಕ್ಕೆ ಸೈನಿಕರನ್ನು ಒಂದೆಡೆ ಇಳಿಸುವುದು ಎಂಬ ಅರ್ಥ ಬರುತ್ತದೆ. 1791ರಲ್ಲಿ ಜಾರಿಗೆ ಬಂದ ಅಮೆರಿಕದ ಸಂವಿಧಾನದ ಮೂರನೆಯ ತಿದ್ದುಪಡಿ, ಶಾಂತಿಕಾಲದಲ್ಲಿ ಮಾಲೀಕರ ಒಪ್ಪಿಗೆಯಿಲ್ಲದೆ ಯಾವ ಮನೆಯಲ್ಲೂ ಸೈನಿಕರನ್ನು ‘ಕ್ವಾರ್ಟರ್’ ಮಾಡಬಾರದೆಂದು ವಿಧಿಸುತ್ತದೆ. ಅಂಥ ವಾಕ್ಯಗಳನ್ನು ಓದುವಾಗ ಸರ್ಕಾರಿ ಮನೆಗಳ ಸಾಲನ್ನು ನೆನೆಯದೆ, ಬೇರೊಬ್ಬರ ಮನೆಯಲ್ಲಿ ಆಜ್ಞೆಯ ಮೇಲೆ ಬೀಡುಬಿಟ್ಟ ಸೈನಿಕರೆಂದು ಅರ್ಥಮಾಡಿಕೊಳ್ಳಬೇಕು.