ಹಿರಿಯ ಸ್ವಯಂಸೇವಕರು ಉಳಿಯುತ್ತಾರೆ: ನನ್ನ ಅನುಭವ

ನಿವೃತ್ತರನ್ನು ನೆಚ್ಚಿಕೊಂಡು ಕಾರ್ಯಕ್ರಮ ಹಾಕಿಕೊಳ್ಳಬೇಡಿ, ಎರಡು ತಿಂಗಳಿಗೆ ಎಲ್ಲರೂ ಕರಗಿಹೋಗುತ್ತಾರೆ ಎಂದು ಈ ಕೆಲಸದಲ್ಲಿ ಪಳಗಿದವರೇ ನನಗೆ ಹೇಳಿದ್ದರು. ಈಗ ಮೂರನೇ ವರ್ಷ ನಡೀತಿದೆ. ಮಕ್ಕಳ ಜೊತೆ ಕೂತು ಓದಿಸುವ ನಮ್ಮ ತಂಡದಲ್ಲಿ ನಲವತ್ತರ ಆಸುಪಾಸು ಜನ, ಹೆಚ್ಚಿನವರು 65 ದಾಟಿದವರು. ಬಿಟ್ಟುಹೋದವರು ಏಳೆಂಟು ಮಂದಿ ಇರಬಹುದು.

ಮೊದಲ ಸಲ ಬಂದ ದುಡ್ಡೆಲ್ಲ ಪೋಸ್ಟರು, ಟೀ ಶರ್ಟು, ಉದ್ಘಾಟನೆಗೇ ಹೋಯಿತು. ಪೋಸ್ಟರ್ ನೋಡಿ ಬಂದವರಲ್ಲಿ ಹತ್ತಕ್ಕೆ ಇಬ್ಬರೂ ನಿಲ್ಲಲಿಲ್ಲ. ಜನ ಉಳಿಯುವಂತೆ ಮಾಡಿದ್ದು ನಾವು ಕೊಟ್ಟ ಹೋಗಿಬರುವ ಖರ್ಚು. ಪಿಂಚಣಿಯಲ್ಲಿ ಬದುಕುವವರು ಅದನ್ನು ಬಾಯಿಬಿಟ್ಟು ಕೇಳಲ್ಲ. ಒಂದು ದಿನ ಸುಮ್ನೆ ಬರುವುದು ಬಿಡುತ್ತಾರೆ, ಕಾರಣ ಕೇಳಿದರೆ ಮಂಡಿನೋವು ಅನ್ನುತ್ತಾರೆ. "ಬೇಕಾದವರು ಬಿಲ್ ಕೊಡಿ" ಎಂದು ಹೇಳಿ ನೋಡಿದೆವು, ಒಬ್ಬರೂ ಕೊಡಲಿಲ್ಲ. ಈಗ ಎಲ್ಲರಿಗೂ ಒಂದೇ ಮೊತ್ತ, ಅದೇ ದಿನ, ಅಂಟಿಸಿದ ಲಕೋಟೆಯಲ್ಲಿ. ಬೇಡದವರು ಬಾಗಿಲ ಹತ್ತಿರದ ಡಬ್ಬಿಗೆ ಹಾಕಬಹುದು. ಎಲ್ಲರೂ ಡಬ್ಬಿಗೆ ಲಕೋಟೆ ಹಾಕಿಯೇ ಹೋಗುತ್ತಾರೆ, ಒಳಗೆ ದುಡ್ಡು ಇದೆಯೋ ಇಲ್ಲವೋ ಯಾರಿಗೂ ಗೊತ್ತಾಗಲ್ಲ. ಮೂರರಲ್ಲಿ ಒಂದು ಪಾಲು ದುಡ್ಡು ವಾಪಸ್ ಬರುತ್ತದೆ. ಆದರೂ ಒಟ್ಟು ಖರ್ಚಿನ ಅರ್ಧ ಇದಕ್ಕೇ ಬೇಕು. ಲೆಕ್ಕ ನೋಡುವವರು ಕೇಳಿದಾಗ ನಾನು ಈ ಬಾಬ್ತನ್ನು ಮಾತ್ರ ಬಿಟ್ಟುಕೊಟ್ಟಿಲ್ಲ.

ಎರಡನೆಯದು ಜೋಡಿ. ಒಂದು ಕೆಲಸಕ್ಕೆ ಇಬ್ಬರು. ಒಬ್ಬರಿಗೆ ಹುಷಾರಿಲ್ಲದಿದ್ದರೆ ಇನ್ನೊಬ್ಬರು ಹೋಗುತ್ತಾರೆ, ಮಗು ಕಾಯುತ್ತಾ ಕೂರುವುದಿಲ್ಲ. ಯಾರಿಗೆ ಯಾರು ಎಂದು ಹೇಗೆ ಆರಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದು ನಮ್ಮ ಬಂಡವಾಳ.

ಜಾಗದ ವಿಷಯ ನಮ್ಮವರು ಯಾರೂ ಗಮನಿಸುವುದಿಲ್ಲ. ವಯಸ್ಸಾದಂತೆ ಮೊದಲು ಕೇಳದಾಗುವುದು ಎತ್ತರದ ಸ್ವರ. ಮಕ್ಕಳ ದನಿಯೂ ಅಂಥದ್ದೇ, ಅಲ್ವಾ? ಗದ್ದಲದ ಹಾಲ್‌ನಲ್ಲಿ ಕೂರಿಸಿದರೆ ಅಜ್ಜನಿಗೆ ಅರ್ಧ ಮಾತು ತಪ್ಪುತ್ತದೆ, ಮತ್ತೆ ಮತ್ತೆ "ಏನಂದೆ?" ಎಂದು ಕೇಳಲು ನಾಚಿಕೆ. ಗೋಡೆಗೆ ಬೆನ್ನು ಕೊಟ್ಟು, ಮಗುವಿನ ಮುಖ ಕಾಣುವ ಹಾಗೆ, ಕಿಟಕಿ ಪಕ್ಕ ಕೂರಿಸಿ. ಅದೇ ಪುಟಕ್ಕೆ ಅವರಿಗೆ ನಮಗಿಂತ ಜಾಸ್ತಿ ಬೆಳಕು ಬೇಕು.

ಮಕ್ಕಳ ಜೊತೆ ಕೆಲಸ ಅಂದಮೇಲೆ ಹಿನ್ನೆಲೆ ಪರಿಶೀಲನೆ ಆಗಲೇಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಆ ಹೊತ್ತಿಗೆ ಉತ್ಸಾಹ ಆರಿರುತ್ತದೆ. ನಾವು ಅಷ್ಟರಲ್ಲಿ ಪುಸ್ತಕ ವಿಂಗಡಿಸುವ ಕೆಲಸ ಕೊಡುತ್ತೇವೆ. ಕೆಲವರು ಅಲ್ಲೇ ಉಳಿದುಬಿಟ್ಟರು, ಒಳ್ಳೆಯದೇ ಆಯಿತು.

ನಡುವೆ ಇನ್ನೊಂದು ಪ್ರಯೋಗ. ಜಿಂಬಾಬ್ವೆಯಲ್ಲಿ 2006ರಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಶುರು ಮಾಡಿದ 'ಫ್ರೆಂಡ್‌ಶಿಪ್ ಬೆಂಚ್' ನಿಮಗೆ ಗೊತ್ತಿರುತ್ತದೆ. ಅಜ್ಜಿಯರು ಬೆಂಚಿನ ಮೇಲೆ ಕೂತು ನೊಂದವರ ಮಾತು ಕೇಳುತ್ತಾರೆ. ನಾವೂ ಒಂದು ಬೆಂಚು ಹಾಕಿದೆವು, ಯಾರೂ ಬರಲಿಲ್ಲ. ಅಲ್ಲಿನ ಅಜ್ಜಿಯರಿಗೆ ತರಬೇತಿ ಇದೆ, ಬೆನ್ನಿಗೆ ಆಸ್ಪತ್ರೆ ವ್ಯವಸ್ಥೆ ಇದೆ. ನಮ್ಮಲ್ಲಿ ಬರೀ ಬೆಂಚಿತ್ತು. ಅದನ್ನು ಬಿಟ್ಟು, ಹೊರಗೆ ಬರಲಾಗದ ಸ್ವಯಂಸೇವಕರಿಂದ ಒಂಟಿ ಹಿರಿಯರಿಗೆ ವಾರಕ್ಕೆರಡು ಸಲ ಫೋನ್ ಮಾಡಿಸಲು ಶುರು ಮಾಡಿದ್ದೇವೆ. ಹದಿನೈದು ನಿಮಿಷ ಅಂದುಕೊಂಡಿದ್ದು ಮುಕ್ಕಾಲು ಗಂಟೆ ನಡೆಯುತ್ತಿದೆ. ಫೋನ್ ಬಿಲ್ ಯಾವ ಲಕೋಟೆಗೆ ಸೇರಿಸುವುದು ಅನ್ನುವುದು ಈಗಿನ ಯೋಚನೆ.