ಬೀದಿಯವರೆಲ್ಲ ಸೇರಿ ಕರೆಂಟ್ ಖರ್ಚು ಇಳಿಸುವುದು ಹೇಗೆ?

ಕರೆಂಟು, ಪೆಟ್ರೋಲು, ಗ್ಯಾಸು ಉಳಿಸಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೂ ಯಾರೂ ಕೈ ಹಾಕುವುದಿಲ್ಲ. ಭೂಮಿ ಬಿಸಿಯಾಗುತ್ತಿದೆ ಎಂದು ಹೆದರಿಸಿದರೆ ಜನ ಹೌದೌದು ಎಂದು ತಲೆಯಾಡಿಸಿ ಮನೆಗೆ ಹೋಗುತ್ತಾರೆ, ಅಷ್ಟೇ. ಭಾಷಣ ಬಿಡಿ. ಕೈಗೊಂದು ಕೆಲಸ ಕೊಡಿ, ಲಾಭದಲ್ಲೊಂದು ಪಾಲು ಕೊಡಿ.

1. ಐದಾರು ಮನೆಯಿಂದ ಶುರು ಮಾಡಿ

ಇಂಗ್ಲೆಂಡಿನ ಟಾಟ್ನೆಸ್ ಎಂಬ ಸಣ್ಣ ಪಟ್ಟಣದಲ್ಲಿ 2006ರಲ್ಲಿ ರಾಬ್ ಹಾಪ್ಕಿನ್ಸ್ ಮತ್ತು ಗೆಳೆಯರು ‘ಟ್ರಾನ್ಸಿಷನ್ ಟೌನ್’ ಚಳವಳಿ ಆರಂಭಿಸಿದರು. ತೈಲ ಕಡಿಮೆಯಾದರೂ ಚೆನ್ನಾಗಿ ಬದುಕುವ ದಾರಿಯನ್ನು ಊರಿನವರೇ ಹುಡುಕಿಕೊಳ್ಳಬೇಕು ಎಂಬುದು ಅವರ ಯೋಚನೆ. ಮುಂದೆ ಅಲ್ಲಿ ಅಕ್ಕಪಕ್ಕದ ಕೆಲವೇ ಮನೆಯವರು ಸೇರಿ ಬೀದಿ ಗುಂಪುಗಳನ್ನು ಕಟ್ಟಿಕೊಂಡರು. ಒಂದು ಸಲ ಕರೆಂಟು, ಇನ್ನೊಂದು ಸಲ ನೀರು, ಆಮೇಲೆ ಊಟ, ಓಡಾಟ ಹೀಗೆ ಒಂದೊಂದೇ ವಿಷಯ ಹಿಡಿದು ಕೂತರು. ಎದುರು ಮನೆಯವರು ‘ಆ ಬಲ್ಬು ಬದಲಾಯಿಸಿದ್ರಾ?’ ಎಂದು ಕೇಳುತ್ತಾರಲ್ಲ, ಅದರ ಮುಂದೆ ಯಾವ ಪೋಸ್ಟರೂ ನಿಲ್ಲುವುದಿಲ್ಲ.

ಪರಿಸರಪ್ರೇಮಿಗಳನ್ನಷ್ಟೇ ಕರೆಯಬೇಡಿ. ವೈರಿಂಗ್ ಗೊತ್ತಿರುವವರು, ಲೆಕ್ಕ ಬರೆಯುವವರು, ಎಲ್ಲದಕ್ಕೂ ತಕರಾರು ತೆಗೆಯುವವರು, ಎಲ್ಲರೂ ಬೇಕು. ತಕರಾರಿನವರು ಒಪ್ಪಿದರೆ ಅರ್ಧ ಬೀದಿ ಒಪ್ಪಿದಂತೆಯೇ.

2. ಮೊದಲು ಮೀಟರ್ ಓದಿ

ಇದಕ್ಕೆ ಜಾಸ್ತಿ ಸಮಯ ಕೊಡಿ. ರಾತ್ರಿ ದೀಪ, ಫ್ಯಾನ್ ಎಲ್ಲ ಆರಿಸಿ. ಟಿವಿಯನ್ನು ಎಂದಿನಂತೆ ರಿಮೋಟ್‌ನಲ್ಲೇ ಆಫ್ ಮಾಡಿ. ಫ್ರಿಜ್ಜನ್ನೂ ಹತ್ತು ನಿಮಿಷ ನಿಲ್ಲಿಸಿ. ಈಗ ಮೀಟರ್ ಹತ್ತಿರ ಹೋಗಿ ಅದರ ಪುಟ್ಟ ಕೆಂಪು ದೀಪ ನೋಡಿ. ನಿಧಾನವಾಗಿ ಮಿನುಗುತ್ತಲೇ ಇರುತ್ತದೆ, ಅಲ್ವಾ? ಸೆಟ್‌ಟಾಪ್ ಬಾಕ್ಸು, ರೂಟರು, ಮೈಕ್ರೋವೇವ್ ಗಡಿಯಾರ ಇವೆಲ್ಲ ಸುಮ್ನೆ ಕೂತೇ ಕರೆಂಟ್ ತಿನ್ನುತ್ತಿವೆ. ಹಗಲೂ ರಾತ್ರಿ 10 ವ್ಯಾಟ್ ಎಳೆಯುವ ಒಂದು ಪೆಟ್ಟಿಗೆ ವರ್ಷಕ್ಕೆ ಸುಮಾರು 88 ಯೂನಿಟ್ ನುಂಗುತ್ತದೆ.

ಹಾಗಂತ ಫೋನ್ ಚಾರ್ಜರ್‌ಗಾಗಿ ಮನೆಯಲ್ಲಿ ಜಗಳ ಬೇಡ. ಬಿಸಿ ಮಾಡುವ, ತಂಪು ಮಾಡುವ ಯಂತ್ರಗಳೇ ದೊಡ್ಡ ಹೊಟ್ಟೆಬಾಕರು. 1500 ವ್ಯಾಟಿನ ಹೀಟರ್ 20 ನಿಮಿಷದಲ್ಲಿ ಅರ್ಧ ಯೂನಿಟ್ ಮುಗಿಸುತ್ತದೆ. 5 ವ್ಯಾಟಿನ ಚಾರ್ಜರ್‌ಗೆ ಅಷ್ಟು ಮುಗಿಸಲು 100 ಗಂಟೆ ಬೇಕು. ಹಳೆಯ 60 ವ್ಯಾಟ್ ಬಲ್ಬಿನ ಜಾಗಕ್ಕೆ 9 ವ್ಯಾಟಿನ ಎಲ್‌ಇಡಿ ಹಾಕಿ. ದಿನಕ್ಕೆ 5 ಗಂಟೆ ಉರಿದರೂ ವರ್ಷಕ್ಕೆ 93 ಯೂನಿಟ್ ಉಳಿತಾಯ.

ಎಲ್ಲ ಮನೆಯ ಯೂನಿಟ್ ಕೂಡಿಸಿ ಬೀದಿಯ ಒಟ್ಟು ಲೆಕ್ಕವನ್ನು ಮಾತ್ರ ಬೋರ್ಡಿನಲ್ಲಿ ಬರೆಯಿರಿ. ಯಾರ ಮನೆಯದು ಎಷ್ಟು ಅನ್ನುವುದು ಬೇಡವೇ ಬೇಡ. ಕಾಯಿಲೆಯವರು, ಎಳೆ ಕೂಸು ಇರುವ ಮನೆಗೆ ಖರ್ಚು ಜಾಸ್ತಿಯೇ. ಅವಮಾನ ಆದವರು ಮತ್ತೆ ಬರುವುದಿಲ್ಲ.

3. ರಿಪೇರಿ ದಿನ ಇಡಿ

ಆಮ್‌ಸ್ಟರ್‌ಡ್ಯಾಮಿನಲ್ಲಿ 2009ರಲ್ಲಿ ಮಾರ್ಟೀನ್ ಪೋಸ್ತ್ಮಾ ಎಂಬಾಕೆ ಮೊದಲ ರಿಪೇರಿ ಕೆಫೆ ನಡೆಸಿದರು. ಕೆಟ್ಟ ವಸ್ತು ತರಬೇಕು, ಬಿಟ್ಟು ಹೋಗುವಂತಿಲ್ಲ. ರಿಪೇರಿ ಮಾಡುವವರ ಪಕ್ಕದಲ್ಲೇ ಕೂತು ನೋಡಬೇಕು, ಕೈಜೋಡಿಸಬೇಕು. ಇದಕ್ಕೆ ಬೇಕಾದದ್ದು ಒಂದು ಮೇಜು, ಸ್ಕ್ರೂಡ್ರೈವರ್ ಸೆಟ್ಟು, ವೈರಿನಲ್ಲಿ ಕರೆಂಟ್ ಹರಿಯುತ್ತದೆಯೇ ಎಂದು ಪರೀಕ್ಷಿಸುವ ಒಂದು ಮಲ್ಟಿಮೀಟರ್. ಎಷ್ಟೋ ಇಸ್ತ್ರಿಪೆಟ್ಟಿಗೆಗಳು ಕೆಟ್ಟಿರುವುದೇ ಇಲ್ಲ, ವೈರು ಹಿಡಿಯ ಹತ್ತಿರ ತುಂಡಾಗಿರುತ್ತದೆ. ಒಂದು ಕಟ್ಟುನಿಟ್ಟು ಮಾತ್ರ ಇರಲಿ: ಕೆಲಸ ಗೊತ್ತಿರುವವರು ಪರೀಕ್ಷಿಸದೆ ಯಾವುದನ್ನೂ ಪ್ಲಗ್‌ಗೆ ಹಾಕಬಾರದು.

4. ಆಮೇಲೆ ಸೌರ ಫಲಕ, ಅದೂ ಪಾಲಿನಲ್ಲಿ

ಖರ್ಚು ಇಳಿದ ಮೇಲೆ ಹಾಕಿದರೆ ಕಡಿಮೆ ಫಲಕ ಸಾಕು. ತುಂಬ ಜನ ಇದನ್ನು ತಿರುಗಾಮುರುಗ ಮಾಡುತ್ತಾರೆ.

ಡೆನ್ಮಾರ್ಕಿನ ಸಾಮ್ಸೋ ದ್ವೀಪದಲ್ಲಿ ಇರುವುದು ಸುಮಾರು 4 ಸಾವಿರ ಜನ. 1997ರಲ್ಲಿ ಸರ್ಕಾರದ ಸ್ಪರ್ಧೆ ಗೆದ್ದು, ನವೀಕರಿಸಬಹುದಾದ ಶಕ್ತಿಯ ದ್ವೀಪವಾಗಲು ಹೊರಟರು. ನೆಲದ ಮೇಲೆ 11, ಸಮುದ್ರದಲ್ಲಿ 10 ಗಾಳಿಯಂತ್ರಗಳು ಬಂದವು. ಅದಕ್ಕೂ ಮೊದಲು ಸಭೆ ಮೇಲೆ ಸಭೆ ನಡೆದಿದ್ದವು. ರೈತರು, ಊರಿನವರು ಯಂತ್ರಗಳಲ್ಲಿ ಷೇರು ಕೊಂಡರು. ಹೊರಗಿನ ಕಂಪನಿಯ ಯಂತ್ರದ ಸದ್ದು ಎಲ್ಲರಿಗೂ ಕಿರಿಕಿರಿ, ಪಾಲಿರುವ ಯಂತ್ರ ನಿಂತರೆ ಮಾತ್ರ ಚಿಂತೆ!

ನೀವೂ ದುಡ್ಡು ಸೇರಿಸುವ ಮುಂಚೆ ಕೆಲವು ವಿಷಯ ಬರೆದಿಟ್ಟುಕೊಳ್ಳಿ. ಫಲಕ ತೊಳೆಯುವವರು ಯಾರು? ಫಲಕದ ಕರೆಂಟನ್ನು ಮನೆಯ ಬಳಕೆಗೆ ಒಗ್ಗಿಸುವ ಇನ್ವರ್ಟರ್ ಕೆಟ್ಟರೆ ಖರ್ಚು ಯಾರದು? ಮನೆ ಬಿಟ್ಟು ಹೋಗುವವರ ಪಾಲು ಏನಾಗಬೇಕು? ಬಾಡಿಗೆಯವರು ಸೇರಬಹುದೇ? ಕೊನೆಯದನ್ನು ಮರೆತರೆ ಅರ್ಧ ಜನ ಹೊರಗೇ ಉಳಿಯುತ್ತಾರೆ.

5. ಉತ್ಸಾಹ ಇಳಿದಾಗ

ಇಳಿದೇ ಇಳಿಯುತ್ತದೆ. ಆಗ ಇನ್ನೊಂದು ಸಭೆ ಕರೆಯಬೇಡಿ, ಇನ್ನೊಂದು ರಿಪೇರಿ ದಿನ ಇಡಿ. ಉಳಿದ ದುಡ್ಡಿನಲ್ಲಿ ಇನ್ನೂ ದೊಡ್ಡ ಎಸಿ ಬಂದಿಲ್ಲವೇ ಎಂದೂ ಒಮ್ಮೆ ಬೋರ್ಡಿನ ಲೆಕ್ಕ ನೋಡಿ. ಲೆಕ್ಕದ ಪುಸ್ತಕ ವರ್ಷಕ್ಕೊಂದು ಮನೆಗೆ ಹೋಗಲಿ. ಒಬ್ಬರೇ ಇಟ್ಟುಕೊಂಡರೆ, ಅವರು ಬೀದಿ ಬಿಟ್ಟ ದಿನ ಲೆಕ್ಕವೂ ನಿಲ್ಲುತ್ತದೆ.